ಎಡವುತ್ತಿರುವ ಆರಂಭಿಕ ಪಿಚರ್: ಇರಲಿ ಅಥವಾ ಹೋಗಲಿ ಎನ್ನುವ ಮುನ್ನ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಹಂಗಾಮು ಮಾರ್ಚ್ ಕೊನೆಯ ವೇಳೆಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂಮಳೆಗೆ ಕಾಯುವ ದಿನಗಳಲ್ಲಿ, ಶುರುವಾಗುತ್ತದೆ. ಅರೇಬಿಕಾ ಕೊಯ್ಲು ಬಿರುಸಾಗುವಷ್ಟರಲ್ಲಿ ಮುಗಿದಿರುತ್ತದೆ. ಅಲ್ಲಿನ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ ಸಿಗುವುದರಿಂದ, ತೋಟಕ್ಕೆ ಆಳುಗಳು ಬರುವ ಹೊತ್ತಿಗೆ ನಮ್ಮಂಥ ಕೆಲವರು ಪಂದ್ಯ ನೋಡಿ ಮುಗಿಸಿ ವಾದಕ್ಕೆ ಕೂತಿರುತ್ತೇವೆ. ಆ ವಾದಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಸತತವಾಗಿ ಹೊಡೆಸಿಕೊಳ್ಳುತ್ತಿರುವ ಆರಂಭಿಕ ಪಿಚರ್‌ನನ್ನು, ಅಂದರೆ ಪಂದ್ಯದ ಮೊದಲಿನಿಂದ ಚೆಂಡು ಎಸೆಯುವವನನ್ನು, ತಂಡ ಉಳಿಸಿಕೊಳ್ಳಬೇಕೇ, ಬಿಟ್ಟುಬಿಡಬೇಕೇ? ಅದನ್ನು ನ್ಯಾಯವಾಗಿ ಚರ್ಚಿಸುವ ಕ್ರಮವೊಂದನ್ನು ಇಲ್ಲಿ ಹೇಳುತ್ತೇನೆ. ನನ್ನ ಮಟ್ಟಿಗೆ ಅದರ ತಿರುಳು ಇಷ್ಟು: ಆತ ಎಷ್ಟು ರನ್ ಕೊಟ್ಟ ಎನ್ನುವುದಕ್ಕಿಂತ ಏಕೆ ಕೊಟ್ಟ ಎನ್ನುವುದನ್ನು ಮೊದಲು ತೀರ್ಮಾನಿಸಬೇಕು. ಕಾರಣ ತಿಳಿಯುವವರೆಗೆ ಆತನ ಮುಂದಿನ ದಾರಿಯ ಮಾತು ಎತ್ತಬಾರದು.

ಮೊದಲು ಎಷ್ಟು ಪಂದ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಒಂದು ತಂಡ ಹಂಗಾಮಿನಲ್ಲಿ 162 ಪಂದ್ಯ ಆಡುತ್ತದೆ. ಸಾಮಾನ್ಯವಾಗಿ ಐವರು ಆರಂಭಿಕ ಪಿಚರ್‌ಗಳು ಸರದಿಯಂತೆ ಎಸೆಯುವುದರಿಂದ ಒಬ್ಬನಿಗೆ ಹೆಚ್ಚೆಂದರೆ 32 ಅಥವಾ 33 ಪಂದ್ಯಗಳು ಸಿಗುತ್ತವೆ. ಅಂದರೆ, ನಾವು ‘ಇಡೀ ತಿಂಗಳು ಕೆಟ್ಟದಾಗಿ ಆಡಿದ’ ಎಂದು ದೂರುವಾಗ ನಮ್ಮ ಕಣ್ಣ ಮುಂದಿರುವುದು ಐದಾರು ಪಂದ್ಯಗಳು ಮಾತ್ರ. ಪಿಚರ್‌ನ ಯೋಗ್ಯತೆಗೆ ಎಲ್ಲರೂ ಹಿಡಿಯುವ ಅಳತೆ ಇ.ಆರ್.ಎ., ಅಂದರೆ ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ಸರಾಸರಿ ರನ್; ಫೀಲ್ಡರ್‌ಗಳ ಲೋಪದಿಂದ ಬಂದ ರನ್‌ಗಳನ್ನು ಬಿಟ್ಟು, ಉಳಿದ ರನ್‌ಗಳನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನಿಂಗ್ಸ್‌ಗಳಿಂದ ಭಾಗಿಸಿದರೆ ಅದು ದೊರೆಯುತ್ತದೆ. 50 ಇನಿಂಗ್ಸ್‌ಗಳಲ್ಲಿ 20 ರನ್ ಕೊಟ್ಟವನ ಇ.ಆರ್.ಎ. 3.60, ಅದು ಒಳ್ಳೆಯ ಅಂಕಿ. ಅದೇ ಪಿಚರ್ ಒಂದು ದಿನ ಎರಡೇ ಇನಿಂಗ್ಸ್‌ಗಳಲ್ಲಿ ಎಂಟು ರನ್ ಕೊಟ್ಟರೆ ಅದು 4.85ಕ್ಕೆ ಜಿಗಿಯುತ್ತದೆ. ಒಂದೇ ದಿನ ಇಷ್ಟು ಬದಲಿಸಬಲ್ಲ ಅಂಕಿಯನ್ನು ಮೇ ತಿಂಗಳಲ್ಲಿ ಹಿಡಿದುಕೊಂಡು ಒಬ್ಬನ ಭವಿಷ್ಯ ನಿರ್ಧರಿಸುವುದು ತಪ್ಪು. ಅರೇಬಿಕಾ ಗಿಡ ಒಂದು ವರ್ಷ ಹೊರಲಾರದಷ್ಟು ಕಾಯಿ ಹಿಡಿದು ಮರುವರ್ಷ ಬರಿದಾಗಿ ನಿಲ್ಲುವುದನ್ನು ಕಂಡಿರುವ ಮಲೆನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದಾಗಿ, ಪಿಚರ್‌ನ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ. ಬ್ಯಾಟಿಗೆ ತಾಗಿ ಮೈದಾನದೊಳಗೇ ಬಿದ್ದ ಚೆಂಡು ಹಿಟ್ ಆಗುವುದು, ಅಂದರೆ ಬ್ಯಾಟರ್ ಔಟಾಗದೆ ಬೇಸ್ ತಲುಪುವುದು, ಫೀಲ್ಡರ್‌ಗಳ ಚುರುಕು, ಮೈದಾನದ ಅಳತೆ ಮತ್ತು ಅದೃಷ್ಟವನ್ನು ಬಹಳವಾಗಿ ಅವಲಂಬಿಸಿದೆ ಎಂದು ಅಂಕಿಅಂಶ ವಿಶ್ಲೇಷಕ ವೋರೋಸ್ ಮೆಕ್‌ಕ್ರ್ಯಾಕೆನ್ 2001ರಲ್ಲಿ ವಾದಿಸಿದಾಗ ಅನೇಕರು ಒಪ್ಪಲಿಲ್ಲ. ನಂತರದ ಅಧ್ಯಯನಗಳು ಆ ಮಾತನ್ನು ಸ್ವಲ್ಪ ತಿದ್ದಿದರೂ ಮೂಲ ವಿಚಾರ ಉಳಿದುಕೊಂಡಿದೆ. ಹೋಮ್ ರನ್ (ಸಾಮಾನ್ಯವಾಗಿ ಬೇಲಿಯಾಚೆ ಹೋಗುವ ಹೊಡೆತ) ಬಿಟ್ಟು ಹೀಗೆ ಬೀಳುವ ಚೆಂಡುಗಳಲ್ಲಿ ಸಾಮಾನ್ಯವಾಗಿ ಹತ್ತರಲ್ಲಿ ಮೂರು ಹಿಟ್ ಆಗುತ್ತವೆ. ನಿಮ್ಮ ಪಿಚರ್‌ಗೆ ಕೆಲವು ವಾರಗಳಿಂದ ಹತ್ತರಲ್ಲಿ ನಾಲ್ಕು ಹಿಟ್ ಆಗುತ್ತಿದ್ದರೆ, ಆತನ ದೋಷಕ್ಕಿಂತ ಹಿಂದೆ ನಿಂತ ಫೀಲ್ಡರ್‌ಗಳ ದೋಷವೋ ದುರದೃಷ್ಟವೋ ಹೆಚ್ಚಿರಬಹುದು. ಆತನೇ ಉತ್ತರ ಕೊಡಬೇಕಾದವು ಮೂರು: ಎಷ್ಟು ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು) ಪಡೆದ, ಎಷ್ಟು ವಾಕ್ (ನಾಲ್ಕು ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಕೊಟ್ಟ, ಎಷ್ಟು ಹೋಮ್ ರನ್ ಬಿಟ್ಟುಕೊಟ್ಟ. ಸ್ಟ್ರೈಕೌಟ್ ಇಳಿಯದೆ, ವಾಕ್ ಏರದೆ ರನ್ ಮಾತ್ರ ಏರಿದ್ದರೆ ತಾಳ್ಮೆಯ ಪಕ್ಷದಲ್ಲಿ ನಿಲ್ಲಿ. ಸ್ಟ್ರೈಕೌಟ್ ಇಳಿದು ವಾಕ್ ಏರಿದ್ದರೆ ಅದು ಬೇರೆಯೇ ಸಂಗತಿ.

ಆಗ ತೋಳಿನ ಕಡೆ ನೋಡಬೇಕು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಅಷ್ಟು ಕಡಿಮೆ ದೂರದಲ್ಲಿ ಗಂಟೆಗೆ 95 ಮೈಲಿಯ ಚೆಂಡು 92ಕ್ಕೆ ಇಳಿದರೂ ಬ್ಯಾಟರ್‌ಗೆ ಅದರ ವ್ಯತ್ಯಾಸ ತಿಳಿಯುತ್ತದೆ. ವೇಗದ ಜೊತೆಗೆ ಚೆಂಡು ಕೈಬಿಡುವ ಎತ್ತರವೂ ಬದಲಾಗಿದ್ದರೆ, ಆತ ನೋವನ್ನು ಮುಚ್ಚಿಟ್ಟು ಎಸೆಯುತ್ತಿರುವ ಸಾಧ್ಯತೆಯನ್ನು ಎಲ್ಲಕ್ಕಿಂತ ಮೊದಲು ಪರಿಗಣಿಸಿ. ಇಂಥ ಹೊತ್ತಿನಲ್ಲಿ ಆತನನ್ನು ಹೀಗಳೆಯುವುದು ಅನ್ಯಾಯ. ಆತನಿಗೆ ಬೇಕಾದದ್ದು ವೈದ್ಯರು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಅವರ ಮೊಣಕೈಗೆ ಮಾಡಿದ ಶಸ್ತ್ರಚಿಕಿತ್ಸೆ ಆ ಪಿಚರ್‌ನ ಹೆಸರಿನಿಂದಲೇ ಇಂದು ಪ್ರಸಿದ್ಧವಾಗಿದೆ; ಅದರಿಂದ ಚೇತರಿಸಿಕೊಳ್ಳಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ, ಆದರೂ ಅನೇಕರು ಮರಳಿದ್ದಾರೆ. ಹಾಸನ ಜಿಲ್ಲೆಯ ಜಾವಗಲ್ ಊರಿನ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಶ್ರೀನಾಥ್ ಅವರೂ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದವರು. 1999ರ ಆರಂಭದಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು. ವೇಗದ ತೋಳಿಗೆ ಸಮಯ ಕೊಡಬೇಕೆಂಬ ಮಾತನ್ನು ನಮ್ಮ ಭಾಗದವರು ಯಾರಿಂದಲೂ ಕಲಿಯಬೇಕಾಗಿಲ್ಲ.

ತೋಳು ಸರಿಯಿದ್ದೂ ಆತ ಎಡವುತ್ತಿದ್ದರೆ, ಪಂದ್ಯದ ಯಾವ ಹಂತದಲ್ಲಿ ಎಂಬುದನ್ನು ಗಮನಿಸಿ. ಎದುರಾಳಿಯ ಒಂಬತ್ತು ಬ್ಯಾಟರ್‌ಗಳು ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಆತನ ಎಸೆತಗಳನ್ನು ಅಳೆದುಬಿಟ್ಟಿರುತ್ತಾರೆ. ಮೊದಲ ಎರಡು ಸುತ್ತು ಚೆನ್ನಾಗಿ ಎಸೆದು ಆಮೇಲೆ ಕುಸಿಯುವವನಿಗೆ ತಂಡ ಬಿಡುವುದೊಂದೇ ದಾರಿಯಲ್ಲ, ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬಂದು ಎಸೆಯುವವರ ಗುಂಪಿಗೆ, ಹೋಗುವ ದಾರಿಯೂ ಇದೆ. ಆರಂಭಿಕ ಪಿಚರ್ ಆಗಿದ್ದು 1987ರಲ್ಲಿ ಓಕ್‌ಲ್ಯಾಂಡ್ ತಂಡಕ್ಕೆ ಬಂದ ಡೆನಿಸ್ ಎಕರ್ಸ್‌ಲಿ ಅಲ್ಲಿ ಕ್ಲೋಸರ್ (ಕೊನೆಯಲ್ಲಿ ಬಂದು ಪಂದ್ಯ ಮುಗಿಸುವ ಪಿಚರ್) ಆಗಿ, 1992ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನೂ ಪಡೆದರು. ಜಾನ್ ಸ್ಮೋಲ್ಟ್ಜ್ ಶಸ್ತ್ರಚಿಕಿತ್ಸೆಯ ನಂತರ ಕ್ಲೋಸರ್ ಆಗಿ 2002ರಲ್ಲಿ 55 ಸೇವ್ (ಕೊನೆಯಲ್ಲಿ ಬಂದು ತಂಡದ ಗೆಲುವು ಕಾಯ್ದ ಪಂದ್ಯಗಳು) ಗಳಿಸಿ, 2005ರಲ್ಲಿ ಮತ್ತೆ ಆರಂಭಿಕ ಪಿಚರ್ ಆದರು.

ಇನ್ನು ಎಸೆಯುವ ರೀತಿಯೇ ಕೆಟ್ಟಿದೆ ಎಂದು ಕಂಡುಬಂದರೆ ಏನು ಮಾಡಬೇಕು ಎಂಬುದಕ್ಕೆ ರಾಯ್ ಹ್ಯಾಲಡೆ ಅವರ ಕಥೆಗಿಂತ ಮಿಗಿಲಾದ ಉದಾಹರಣೆ ನನಗೆ ಗೊತ್ತಿಲ್ಲ, ಮತ್ತು ಬೇಸ್‌ಬಾಲ್ ನೋಡುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕೆಂದು ಮನಸಾರೆ ಬಯಸುತ್ತೇನೆ. 2000ದಲ್ಲಿ ಟೊರಾಂಟೊ ತಂಡಕ್ಕೆ ಆಡುತ್ತಿದ್ದ ಅವರ ಇ.ಆರ್.ಎ. 10.64 ಆಗಿತ್ತು. ಯಾವ ಅಳತೆಯಿಂದ ನೋಡಿದರೂ ಅದು ಕೈಬಿಡಲು ಸಾಕಾದ ಅಂಕಿ. ತಂಡ ಕೈಬಿಡಲಿಲ್ಲ, ಮರುವರ್ಷ ಮೈನರ್ ಲೀಗ್‌ನ ಕೆಳಹಂತದ ಡನೀಡಿನ್ ತಂಡಕ್ಕೆ ಕಳಿಸಿತು. ಆ ಅವಧಿಯಲ್ಲಿ ತರಬೇತುದಾರ ಮೆಲ್ ಕ್ವೀನ್ ಅವರು ಹ್ಯಾಲಡೆ ಅವರ ಕೈ ಬೀಸುವ ಕೋನವನ್ನೇ ಕೆಳಗಿಳಿಸಿ, ನೇರವಾಗಿ ಬರುತ್ತಿದ್ದ ವೇಗದ ಚೆಂಡು ಪಕ್ಕಕ್ಕೂ ಕೆಳಕ್ಕೂ ಸರಿಯುವಂತೆ ಮಾಡಿದರು. ಅದೇ ವರ್ಷ ಮೇಲಿನ ಲೀಗ್‌ಗೆ ಮರಳಿದ ಅವರು 2003ರಲ್ಲಿಯೂ 2010ರಲ್ಲಿಯೂ ಸೈ ಯಂಗ್ ಪ್ರಶಸ್ತಿ ಪಡೆದರು. 2010ರ ಮೇ ತಿಂಗಳಲ್ಲಿ ಒಬ್ಬ ಬ್ಯಾಟರ್ ಕೂಡ ಬೇಸ್ ತಲುಪದಂತೆ ಇಡೀ ಪಂದ್ಯ ಎಸೆದರು. ಕ್ಲಿಫ್ ಲೀ 2007ರಲ್ಲಿ 6.29 ಇ.ಆರ್.ಎ. ಹೊತ್ತು ಮೈನರ್ ಲೀಗ್‌ಗೆ ಇಳಿದವರು. ಮರುವರ್ಷ 22 ಪಂದ್ಯ ಗೆದ್ದು, ಮೂರರಲ್ಲಿ ಮಾತ್ರ ಸೋತು, ಅದೇ ಪ್ರಶಸ್ತಿ ಪಡೆದರು. 2013ರಲ್ಲಿ ಬಾಲ್ಟಿಮೋರ್ ತಂಡ ಬಿಟ್ಟುಕೊಟ್ಟ ಜೇಕ್ ಅರಿಯೇಟಾ 2015ರಲ್ಲಿ ಷಿಕಾಗೊ ಕಬ್ಸ್ ಪರ 1.77 ಇ.ಆರ್.ಎ. ಸಾಧಿಸಿ ಸೈ ಯಂಗ್ ಗೆದ್ದದ್ದನ್ನು ಬಾಲ್ಟಿಮೋರ್‌ನ ಅಭಿಮಾನಿಗಳು ದೂರದಿಂದ ನೋಡಬೇಕಾಯಿತು.

ಆದರೆ ಈ ಹೆಸರುಗಳನ್ನು ಮಾತ್ರ ಹೇಳಿ ವಾದ ಗೆಲ್ಲುವುದು ಪ್ರಾಮಾಣಿಕವಲ್ಲ. ಪಿಟ್ಸ್‌ಬರ್ಗ್‌ನ ಸ್ಟೀವ್ ಬ್ಲಾಸ್ 1972ರಲ್ಲಿ 19 ಪಂದ್ಯ ಗೆದ್ದವರು, 1973ರಲ್ಲಿ ಚೆಂಡನ್ನು ಪ್ಲೇಟ್ ಮೇಲೆ ಹಾಕುವುದೇ ಆಗದೆ 9.85 ಇ.ಆರ್.ಎ.ಗೆ ಕುಸಿದರು, ತೋಳಿನಲ್ಲಿ ಗಾಯವಿರಲಿಲ್ಲ, ತಂಡ ಬೆನ್ನಿಗೆ ನಿಂತಿತ್ತು, ಆದರೂ ಆ ಹಿಡಿತ ಮತ್ತೆ ಬರಲಿಲ್ಲ.

ಕಾರಣದ ಬಗ್ಗೆ ಒಮ್ಮತಕ್ಕೆ ಬಂದ ಮೇಲೆ ನಿಯಮ ನೋಡಿ, ಏಕೆಂದರೆ ‘ಕೆಳಗೆ ಕಳಿಸಿ’ ಎಂಬ ಸಲಹೆ ಎಲ್ಲ ಪಿಚರ್‌ಗಳಿಗೂ ಹೊಂದುವುದಿಲ್ಲ. ಸಾಮಾನ್ಯವಾಗಿ ಒಬ್ಬ ಆಟಗಾರನನ್ನು ಮೂರು ಹಂಗಾಮುಗಳಲ್ಲಿ ಮಾತ್ರ ತಂಡ ತನ್ನಿಚ್ಛೆಯಂತೆ ಮೈನರ್ ಲೀಗ್‌ಗೆ ಕಳಿಸಬಹುದು; ಮೇಜರ್ ಲೀಗ್‌ನಲ್ಲಿ ಐದು ವರ್ಷ ಪೂರೈಸಿದವನನ್ನು ಆತನ ಒಪ್ಪಿಗೆಯಿಲ್ಲದೆ ಕಳಿಸುವಂತಿಲ್ಲ. ಒಪ್ಪಂದದ ಹಣಕ್ಕೆ ಖಾತರಿಯಿರುವುದರಿಂದ, ತಂಡದಿಂದ ಬಿಡುಗಡೆ ಮಾಡಿದರೂ ಉಳಿದ ಸಂಬಳ ಕೊಡಲೇಬೇಕು. ಹಾಗಾಗಿ ಹಣ ಉಳಿಯುತ್ತದೆಂಬ ವಾದವನ್ನು ಬಿಟ್ಟು, ಆತನ ಜಾಗಕ್ಕೆ ಯಾರು ಬರುತ್ತಾರೆ ಎಂಬುದನ್ನು ಹೆಸರು ಹೇಳಿ ಚರ್ಚಿಸಿ. ಬದಲಿ ಪಿಚರ್‌ನ ಹೆಸರನ್ನೇ ಹೇಳದೆ ‘ಇವನು ಬೇಡ’ ಎನ್ನುವವರ ಮಾತನ್ನು ಅರ್ಧ ವಾದವೆಂದೇ ನಾನು ತಿಳಿಯುತ್ತೇನೆ.

ಕೊನೆಗೆ ಒಂದು ಗಡುವು ಇಟ್ಟುಕೊಳ್ಳಿ. ಆಟಗಾರರ ವಿನಿಮಯದ ಅವಧಿ ಜುಲೈ ಕೊನೆಯ ಸುಮಾರಿಗೆ ಮುಗಿಯುವುದರಿಂದ ತಂಡವೂ ಆಗಲೇ ನಿರ್ಧರಿಸಬೇಕಾಗುತ್ತದೆ. ಇನ್ನು ಆರು ಪಂದ್ಯ ನೋಡೋಣ ಎಂದು ಒಪ್ಪಿಕೊಂಡು, ಸ್ಟ್ರೈಕೌಟ್ ಮತ್ತು ವಾಕ್‌ಗಳ ಅಂತರ ಎಷ್ಟಾದರೆ ಇರಿಸಿಕೊಳ್ಳಬೇಕು, ವೇಗ ಎಷ್ಟಕ್ಕಿಂತ ಇಳಿದರೆ ವಿಶ್ರಾಂತಿ ಕೊಡಬೇಕು ಎಂಬುದನ್ನು ಎರಡೂ ಪಕ್ಷದವರು ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ, ಮತ್ತು ಆರನೆಯ ಪಂದ್ಯ ಮುಗಿಯುವವರೆಗೆ ಆ ಅಂಕಿಗಳನ್ನು ತಿದ್ದಬೇಡಿ.