ಝೀನರ್ ಬ್ಯಾರಿಯರ್ ವೈರಿಂಗ್ ಮತ್ತು ಅರ್ಥಿಂಗ್: ಬೇರೆ ಗುಂಡಿ ತೋಡಬೇಡಿ

ಒಂದು ಔಷಧಿ ಕಾರ್ಖಾನೆಯಲ್ಲಿ ಟೊಲುಯಿನ್ (ಬೇಗ ಹೊತ್ತಿಕೊಳ್ಳುವ ದ್ರಾವಕ) ಟ್ಯಾಂಕ್‌ಗಳ ಪ್ಯಾನೆಲ್ ನೋಡಲು ಹೋಗಿದ್ದೆ. ಝೀನರ್ ಬ್ಯಾರಿಯರ್‌ಗಳು (ಹೊತ್ತಿಕೊಳ್ಳುವ ಆವಿ ಇರುವ ಜಾಗಕ್ಕೆ ಹೆಚ್ಚು ವಿದ್ಯುತ್ ಹೋಗದಂತೆ ತಡೆಯುವ ಸಾಧನಗಳು) ಒಳ್ಳೆಯವೇ, ಸರ್ಟಿಫಿಕೇಟ್ ಇದ್ದವು, ನೀಲಿ ಕೇಬಲ್ ಅಚ್ಚುಕಟ್ಟಾಗಿ ಎಳೆದಿದ್ದರು. ಅರ್ಥ್ ವೈರ್ ಮಾತ್ರ ಗೋಡೆ ದಾಟಿ ಹೊರಗೆ ಹೊಸದಾಗಿ ತೋಡಿದ ಗುಂಡಿಗೆ ಹೋಗಿತ್ತು. "ಇನ್‌ಸ್ಟ್ರುಮೆಂಟ್‌ಗೆ ಅಂತಲೇ ಬೇರೆ ಪಿಟ್ ಸರ್, ಉಪ್ಪು ಇದ್ದಿಲು ಎಲ್ಲ ಹಾಕಿಸಿದ್ದೀವಿ" ಎಂದು ಅಲ್ಲಿನ ಎಲೆಕ್ಟ್ರಿಷಿಯನ್ ಖುಷಿಯಿಂದ ಹೇಳಿದರು. ಕೆಲಸ ಶ್ರದ್ಧೆಯಿಂದ ಮಾಡಿದ್ದರು, ಆದರೆ ಆ ಗುಂಡಿಯಿಂದಾಗಿ ಬ್ಯಾರಿಯರ್ ಇದ್ದೂ ಇಲ್ಲದಂತಾಗಿತ್ತು. ಇದೇ ತಪ್ಪನ್ನು ಆಮೇಲೂ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬ್ಯಾರಿಯರ್ ಒಳಗೆ ಏನಿದೆ ನೋಡೋಣ. ಕಂಟ್ರೋಲ್ ರೂಮ್ ಕಡೆಯಿಂದ ಬಂದರೆ ಒಂದು ಫ್ಯೂಸ್, ಆಮೇಲೆ ಅರ್ಥ್‌ಗೆ ಸೇರಿದ ಝೀನರ್ ಡಯೋಡ್‌ಗಳು, ಕೊನೆಗೆ ಫೀಲ್ಡ್ ಕಡೆಗೆ, ಅಂದರೆ ಟ್ಯಾಂಕ್‌ಗಳಿರುವ ಕಡೆಗೆ, ಒಂದು ರೆಸಿಸ್ಟರ್. ವೋಲ್ಟೇಜ್ ಏರಿದರೆ ಝೀನರ್ ಅದನ್ನು ಅರ್ಥ್‌ಗೆ ತಿರುಗಿಸುತ್ತದೆ, ರೆಸಿಸ್ಟರ್ ಕರೆಂಟ್‌ಗೆ ಮಿತಿ ಹಾಕುತ್ತದೆ, ಅಷ್ಟರಲ್ಲಿ ಫ್ಯೂಸ್ ಹಾರುತ್ತದೆ. ಜಾಸ್ತಿ ಬಳಕೆಯಲ್ಲಿರುವುದು 28 ವೋಲ್ಟ್, 300 ಓಮ್, 93 ಮಿಲಿಆಂಪಿಯರ್‌ನದು. ಅಂದರೆ ಫೀಲ್ಡ್‌ನಲ್ಲಿ ವೈರ್ ಶಾರ್ಟ್ ಆದರೂ, ಕಿತ್ತರೂ, ಬರುವ ಕಿಡಿಗೆ ಆವಿ ಹೊತ್ತಿಸುವ ಶಕ್ತಿ ಇರುವುದಿಲ್ಲ. ಆದರೆ ಝೀನರ್ ಕರೆಂಟನ್ನು ಅರ್ಥ್‌ಗೆ ತಿರುಗಿಸಿದರೆ ಅದು ಹೋಗುವುದೆಲ್ಲಿಗೆ?

ಮಣ್ಣಿಗೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ಕರೆಂಟ್ ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಬ್ಯಾರಿಯರ್‌ಗೆ ಬೀಳಬಹುದಾದ ಅಪಾಯದ ವೋಲ್ಟೇಜ್ ಕಾರ್ಖಾನೆಯ 230 ವೋಲ್ಟ್ ಸಪ್ಲೈ, ಅದು ಹೊರಡುವುದು ಟ್ರಾನ್ಸ್‌ಫಾರ್ಮರ್‌ನಿಂದ. ಆದ್ದರಿಂದ ವಾಪಸ್ ಹೋಗಬೇಕಾದದ್ದು ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ಅರ್ಥ್ ಆಗಿರುವ ಜಾಗಕ್ಕೆ. ನಿಮ್ಮ ಬೇರೆ ಗುಂಡಿಯಿಂದ ಮಣ್ಣಿನ ಮೂಲಕ ಸಬ್‌ಸ್ಟೇಷನ್ ಗುಂಡಿಗೆ 7 ಓಮ್ ಇದೆ ಎಂದುಕೊಳ್ಳಿ. ಫಾಲ್ಟ್ ಆದಾಗ ಫ್ಯೂಸ್ ಹಾರುವ ಮುಂಚೆ 10 ಆಂಪಿಯರ್ ಹರಿದರೂ ಬ್ಯಾರಿಯರ್‌ನ ಅರ್ಥ್ ಬಸ್‌ಬಾರ್ (ಅರ್ಥ್ ಸಂಪರ್ಕಗಳು ಸೇರುವ ಲೋಹದ ಪಟ್ಟಿ) 70 ವೋಲ್ಟ್‌ಗೆ ಏರುತ್ತದೆ. ಅದರ ಜೊತೆ ಫೀಲ್ಡ್‌ಗೆ ಹೋದ ವೈರ್ ಕೂಡ ಏರುತ್ತದೆ. ಆದರೆ ಅಲ್ಲಿ ಟ್ಯಾಂಕ್, ಪೈಪು, ಟ್ರಾನ್ಸ್‌ಮಿಟರ್ (ಅಳತೆಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಉಪಕರಣ) ಬಾಡಿ ಎಲ್ಲ ಕಾರ್ಖಾನೆಯ ಅರ್ಥ್ ಗ್ರಿಡ್‌ಗೆ ಸೇರಿ ಕೆಳಗೇ ಇರುತ್ತವೆ. ವೈರಿಗೂ ಟ್ಯಾಂಕಿಗೂ ನಡುವೆ 70 ವೋಲ್ಟ್ ವ್ಯತ್ಯಾಸ, ಅದೂ ಟೊಲುಯಿನ್ ಆವಿಯ ಮಧ್ಯೆ! ದಾರಿ ಅರ್ಧ ಓಮ್ ಇದ್ದಿದ್ದರೆ ಬರೀ 5 ವೋಲ್ಟ್ ಆಗುತ್ತಿತ್ತು.

ಅದಕ್ಕೇ ಬ್ಯಾರಿಯರ್ ಬಸ್‌ಬಾರ್‌ನಿಂದ ಮುಖ್ಯ ಪವರ್ ಅರ್ಥ್ ಬಿಂದುವಿನವರೆಗೆ 1 ಓಮ್‌ಗಿಂತ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಐಇಸಿ 60079-14 ಹೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ನ್ಯೂಟ್ರಲ್ ಅಂದೆ ಅಂತ ಪ್ಯಾನೆಲ್‌ನ ನ್ಯೂಟ್ರಲ್ ಲಿಂಕ್‌ಗೆ ದಯವಿಟ್ಟು ಸೇರಿಸಬೇಡಿ, ಅದರಲ್ಲಿ ಲೋಡ್ ಕರೆಂಟ್ ಓಡಾಡುತ್ತಿರುತ್ತದೆ. ಸೇರಿಸಬೇಕಾದದ್ದು ನ್ಯೂಟ್ರಲ್ ಮತ್ತು ಅರ್ಥ್ ಒಂದಾಗುವ ಮುಖ್ಯ ಅರ್ಥ್ ಬಾರ್‌ಗೆ.

ಈಗ ಕೆಲಸ. ಬ್ಯಾರಿಯರ್ ಕೂರಿಸುವ ಬಸ್‌ಬಾರ್ ಅಥವಾ ರೈಲು ಪ್ಯಾನೆಲ್ ಬಾಡಿಗೆ ತಾಗಬಾರದು, ಕೆಳಗೆ ಇನ್ಸುಲೇಟರ್ ಹಾಕಿ. ಅಲ್ಲಿಂದ ಇನ್ಸುಲೇಷನ್ ಇರುವ ತಾಮ್ರದ ವೈರ್ ನೇರವಾಗಿ ಮುಖ್ಯ ಅರ್ಥ್ ಬಾರ್‌ಗೆ ಹೋಗಬೇಕು, ದಾರಿಯಲ್ಲಿ ಮೋಟಾರಿನ ಅರ್ಥನ್ನೋ ಪ್ಯಾನೆಲ್ ಬಾಗಿಲಿನ ಅರ್ಥನ್ನೋ ಅದಕ್ಕೆ ಸೇರಿಸುವಂತಿಲ್ಲ. ಕನಿಷ್ಠ 4 ಸ್ಕ್ವೇರ್ ಎಂ.ಎಂ.ನ ಒಂದು ವೈರ್, ಇಲ್ಲವೇ ಕನಿಷ್ಠ 1.5 ಸ್ಕ್ವೇರ್‌ನ ಎರಡು ವೈರ್. ನಾನು ಯಾವಾಗಲೂ ಎರಡೇ ಎಳೆಸುತ್ತೇನೆ, ಒಂದು ಸಡಿಲವಾದರೂ ಇನ್ನೊಂದು ಇರುತ್ತದೆ. ಕನಿಷ್ಠ ಎನ್ನುವುದನ್ನು ನಂಬಿ ಕೂರಬೇಡಿ, ಲೆಕ್ಕ ಹಾಕಿ: 1.5 ಸ್ಕ್ವೇರ್ ತಾಮ್ರಕ್ಕೆ ಕಿಲೋಮೀಟರ್‌ಗೆ ಸುಮಾರು 12 ಓಮ್, ಅಂದರೆ ಸಬ್‌ಸ್ಟೇಷನ್ 100 ಮೀಟರ್ ದೂರ ಇದ್ದರೆ ಒಂದೇ ವೈರಿಗೆ 1.2 ಓಮ್ ಆಗಿಬಿಟ್ಟಿತು. 16 ಸ್ಕ್ವೇರ್ ಎಳೆದರೆ ಅದೇ ದೂರಕ್ಕೆ 0.12 ಓಮ್ ಅಷ್ಟೇ. ತುದಿಗೆ ಒಳ್ಳೆ ಲಗ್ಸ್ ಕ್ರಿಂಪ್ ಮಾಡಿ, ಸ್ಪ್ರಿಂಗ್ ವಾಷರ್ ಹಾಕಿ, ಪಕ್ಕದಲ್ಲೇ "ತೆಗೆಯಬೇಡಿ" ಎಂದು ಬೋರ್ಡ್ ಹಾಕಿ. ಕನ್ನಡದಲ್ಲೇ ಹಾಕಿ, ರಾತ್ರಿ ಪಾಳಿಯಲ್ಲಿ ಪ್ಯಾನೆಲ್ ತೆರೆಯುವವರಿಗೆ ಅರ್ಥವಾಗಬೇಕು ಅಲ್ವಾ?

ಎರಡು ವೈರ್ ಇರುವುದರ ಇನ್ನೊಂದು ಲಾಭ ಅಳತೆ. ಒಂದನ್ನು ಬಸ್‌ಬಾರ್‌ನಿಂದ ಬಿಚ್ಚಿ, ಬಿಚ್ಚಿದ ತುದಿಗೂ ಬಸ್‌ಬಾರ್‌ಗೂ ನಡುವೆ ಅಳೆಯಿರಿ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವ ಪೂರ್ತಿ ಸುತ್ತು ಸಿಗುತ್ತದೆ, ಎರಡೂ ಒಂದೇ ಸೈಜ್ ಇದ್ದರೆ ಅರ್ಧ ಮಾಡಿ. ಅಳೆಯುವಷ್ಟು ಹೊತ್ತೂ ಇನ್ನೊಂದು ವೈರ್ ಅರ್ಥನ್ನು ಹಿಡಿದಿರುತ್ತದೆ. ಆದರೂ ಗ್ಯಾಸ್ ಇಲ್ಲ ಎಂದು ಪರ್ಮಿಟ್ ತೆಗೆದುಕೊಂಡೇ ಮಾಡಿ. ಮೊದಲ ದಿನದ ರೀಡಿಂಗ್ ಬರೆದಿಡಿ, ಮುಂದಿನ ವರ್ಷ ಅದು ಏರಿದ್ದರೆ ಎಲ್ಲೋ ತುಕ್ಕು ಹಿಡಿದಿದೆ ಎಂದು ಗೊತ್ತಾಗುತ್ತದೆ.

ಬ್ಯಾರಿಯರ್ ಇರುವುದು ಕಂಟ್ರೋಲ್ ರೂಮಿನಲ್ಲಿ, ಅಂದರೆ ಸುರಕ್ಷಿತ ಕಡೆ. ಕೂರಿಸುವಾಗ ಅರ್ಥ್ ಮೊದಲು, ತೆಗೆಯುವಾಗ ಅರ್ಥ್ ಕೊನೆಗೆ. ಫೀಲ್ಡ್ ಕಡೆಯ ಟರ್ಮಿನಲ್ ಸಾಮಾನ್ಯವಾಗಿ ನೀಲಿ. ಆ ಕಡೆಯ ವೈರ್‌ಗಳಿಗೆ ಬೇರೆಯೇ ಪಿವಿಸಿ ಚಾನೆಲ್ ಕೊಡಿ. ಮಾಮೂಲಿ ಸರ್ಕ್ಯೂಟ್‌ನ ಟರ್ಮಿನಲ್‌ಗೂ ಇದಕ್ಕೂ 50 ಮಿ.ಮೀ. ಅಂತರ ಇರಬೇಕು, ಇಲ್ಲವಾದರೆ ಮಧ್ಯೆ ಪಾರ್ಟಿಷನ್ ಬೇಕು. ಮಾರ್ಷಲಿಂಗ್ ಪ್ಯಾನೆಲ್‌ನಲ್ಲಿ (ಫೀಲ್ಡ್ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾನೆಲ್) ಜಾಗ ಸಾಲದೆ ಎರಡನ್ನೂ ಒಂದೇ ಚಾನೆಲ್‌ಗೆ ತುರುಕುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಬ್ಯಾರಿಯರ್ ದಾಟಿದ ಮೇಲೂ 230 ವೋಲ್ಟ್ ಒಳಗೆ ಬರಲು ದಾರಿ ಸಿಗುತ್ತದೆ.

ಕೇಬಲ್‌ನ ಸ್ಕ್ರೀನ್ ಅನ್ನು, ಅಂದರೆ ವೈರ್‌ಗಳ ಸುತ್ತಲಿನ ಲೋಹದ ಹೊದಿಕೆಯನ್ನು, ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಸಾಮಾನ್ಯವಾಗಿ ಬ್ಯಾರಿಯರ್ ಬಸ್‌ಬಾರ್‌ನಲ್ಲಿ. ಫೀಲ್ಡ್ ಕಡೆ ಅದನ್ನು ಕತ್ತರಿಸಿ ಸ್ಲೀವ್ ಹಾಕಿಬಿಡಿ. ಸರ್ಕ್ಯೂಟ್‌ಗೂ ಹಾಗೇ, ಬ್ಯಾರಿಯರ್ ಹತ್ತಿರ ಒಂದೇ ಅರ್ಥ್, ಫೀಲ್ಡ್‌ನಲ್ಲಿ ಇನ್ನೊಂದು ಕಡೆ ತಾಗಕೂಡದು. ಅದನ್ನು ಖಚಿತಪಡಿಸಲು 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕುತ್ತೇವೆ. ಆದರೆ ಎರಡೂ ತುದಿ ಬಿಚ್ಚಿದ ಮೇಲೆ ಮಾತ್ರ! ಬ್ಯಾರಿಯರ್ ಸಮೇತ ಮೆಗ್ಗರ್ ಹಾಕಿದರೆ ಬ್ಯಾರಿಯರ್ ಹಾಳಾಗಬಹುದು, ಒಳಗಿನ ಫ್ಯೂಸ್ ಬದಲಾಯಿಸಲು ಬರುವುದಿಲ್ಲ, ಹಾಳಾದರೆ ಬಿಸಾಡಬೇಕು. ಮೆಗ್ಗರ್ ಆದ ಮೇಲೆ ಕೇಬಲ್ ಡಿಸ್ಚಾರ್ಜ್ ಮಾಡುವುದನ್ನು ಮರೆಯಬೇಡಿ.

ಕೇಬಲ್ ಉದ್ದಕ್ಕೂ ಮಿತಿ ಇದೆ, ಏಕೆಂದರೆ ಕೇಬಲ್ ತಾನೇ ಕೆಪಾಸಿಟರ್‌ನಂತೆ ಶಕ್ತಿ ಕೂಡಿಡುತ್ತದೆ. 28 ವೋಲ್ಟ್‌ಗೆ ಹೈಡ್ರೋಜನ್ ಇರುವ, ಅತಿ ಸುಲಭವಾಗಿ ಹೊತ್ತಿಕೊಳ್ಳುವ ಅನಿಲಗಳ ಐಐಸಿ ಗುಂಪಿನಲ್ಲಿ 83 ನ್ಯಾನೋಫ್ಯಾರಡ್ ದಾಟಬಾರದು. ಕೇಬಲ್ ಮಾಹಿತಿ ಸಿಗದಿದ್ದರೆ ಮೀಟರ್‌ಗೆ 200 ಪಿಕೋಫ್ಯಾರಡ್ ಎಂದು ಹಿಡಿಯಿರಿ, ಸುಮಾರು 415 ಮೀಟರ್ ಆಗುತ್ತದೆ, ಅದರಲ್ಲಿ ಟ್ರಾನ್ಸ್‌ಮಿಟರ್‌ನ ಪಾಲು ಕಳೆಯಬೇಕು. ಟೊಲುಯಿನ್ ಐಐಎ ಗುಂಪಿನದು, ಮಿತಿ ಇನ್ನೂ ಸಡಿಲ. ಇಂಡಕ್ಟೆನ್ಸ್ ಲೆಕ್ಕವೂ ಸರ್ಟಿಫಿಕೇಟ್‌ನಲ್ಲೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ವೋಲ್ಟೇಜ್. ಫ್ಯೂಸ್ ಎಲ್ಲ ಸೇರಿ ಬ್ಯಾರಿಯರ್ ಒಟ್ಟು 340 ಓಮ್ ಇದ್ದರೆ 20 ಮಿಲಿಆಂಪಿಯರ್‌ಗೆ 6.8 ವೋಲ್ಟ್ ಅಲ್ಲೇ ಹೋಯಿತು, 250 ಓಮ್ ಲೋಡ್‌ಗೆ ಇನ್ನು 5. 24 ವೋಲ್ಟ್‌ನಲ್ಲಿ ಉಳಿದದ್ದು 12.2, ವಾಪಸ್ ದಾರಿಯಲ್ಲಿ ಡಯೋಡ್ ಇದ್ದರೆ ಇನ್ನೂ ಕಡಿಮೆ. ಅಷ್ಟರಲ್ಲಿ ನಿಮ್ಮ ಟ್ರಾನ್ಸ್‌ಮಿಟರ್ ನಡೆಯುತ್ತದೆಯೇ ನೋಡಿ. ಸಾಲದು ಅಂತ ಸಪ್ಲೈ ಏರಿಸಲು ಹೋಗಬೇಡಿ, ಬ್ಯಾರಿಯರ್‌ನ ಮಿತಿ ದಾಟಿದರೆ ಫ್ಯೂಸ್ ಹಾರುತ್ತದೆ.

ಒಳ್ಳೆ ಅರ್ಥ್ ಕೊಡಲು ಸಾಧ್ಯವೇ ಇಲ್ಲದ ಕಡೆ ಗ್ಯಾಲ್ವನಿಕ್ ಐಸೊಲೇಟರ್ (ಎರಡು ಕಡೆಯ ಸರ್ಕ್ಯೂಟ್‌ಗಳ ನಡುವೆ ನೇರ ವಿದ್ಯುತ್ ಸಂಪರ್ಕ ಇರದಂತೆ ಬೇರ್ಪಡಿಸುವ ಸಾಧನ) ಹಾಕಿಸಿ. ಬೆಲೆ ಜಾಸ್ತಿ, ಆದರೆ ಅದರ ಸುರಕ್ಷತೆ ಈ ಅರ್ಥ್ ಮೇಲೆ ನಿಂತಿಲ್ಲ. ಆ ಔಷಧಿ ಕಾರ್ಖಾನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಇತ್ತು. ಗುಂಡಿಯ ವೈರ್ ಬಿಚ್ಚಿಸಿ, 16 ಸ್ಕ್ವೇರ್‌ನ ಎರಡು ವೈರ್ ಮುಖ್ಯ ಅರ್ಥ್ ಬಾರ್‌ಗೆ ಎಳೆಸಿದೆವು. ರೀಡಿಂಗ್ ತೆಗೆದವರು ಅದೇ ಎಲೆಕ್ಟ್ರಿಷಿಯನ್.