ಸಸಿಯ ನೆರಳು ಬೇರೆ, ಕೂಸಿನ ನೆರಳು ಬೇರೆ: ನನ್ನ ಅನುಭವ

ನನ್ನ ಮಗನಿಗೆ ಈಗ ಹತ್ತು ತಿಂಗಳು. ಈ ಬೇಸಿಗೆ ಪೂರ್ತಿ ಅವನನ್ನ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು ಲಸಿಕೆಗೆ ಮಾತ್ರ. ಮೇ ತಿಂಗಳಲ್ಲಿ ಒಂದು ವಾರ ಕತ್ತಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿತ್ತು, ಅಷ್ಟೇ. ಇದರಲ್ಲೇನು ವಿಶೇಷ ಅಂತ ಕೇಳಬೇಡಿ. ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ತೋಟದ ಮನೆ, ಮೇಲೆ ಶೀಟು. ಮನೆ ಮುಂದೆ ಟೊಮೆಟೊ, ಎಲೆಕೋಸು, ಮೆಣಸಿನ ಸಸಿ ಬೆಳೆಸೋ ನರ್ಸರಿ, ಹಿಂದೆ ಕೃಷಿ ಹೊಂಡ, ಕೂಗಳತೆ ದೂರದಲ್ಲಿ ನಾಲೆ. ಕೂಸಿಗೆ ಬಿಸಿಲು, ನೀರು ಎರಡರ ಅಪಾಯವೂ ಬೇಕಾದಷ್ಟಿರೋ ಜಾಗ. ಇಂಥ ಜಾಗದಲ್ಲಿ ಎಳೆಮಕ್ಕಳನ್ನ ಸಾಕ್ತಿರೋರಿಗೆ ಅಂತಲೇ ಇದನ್ನ ಬರೀತಿದ್ದೀನಿ.

ಮೊದಲು ಸೋತಿದ್ದನ್ನ ಹೇಳ್ತೀನಿ. ದೊಡ್ಡವಳು ಹುಟ್ಟಿದ್ದು ಐದು ವರ್ಷದ ಹಿಂದೆ, ಜನವರಿಯಲ್ಲಿ. ನಾನು ನರ್ಸರಿಯವನು, ನೆರಳಿನ ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅನ್ನೋ ಧೈರ್ಯ ಇತ್ತು. ಟ್ರೇ ಸಸಿಯನ್ನ ಹೊಲಕ್ಕೆ ಕೊಡೋ ಮುಂಚೆ ದಿನಕ್ಕಿಷ್ಟು ಅಂತ ಬಿಸಿಲಿಗೆ ಬಿಟ್ಟು ಗಟ್ಟಿ ಮಾಡ್ತೀವಲ್ಲ, ಅದನ್ನೇ ಮಗಳಿಗೂ ಮಾಡಿದೆ. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು, ಆಮೇಲೆ ಹದಿನೈದು. ಅವ್ವನಿಗಂತೂ ಖುಷಿಯೋ ಖುಷಿ. "ನಿನ್ನೂ ಎಣ್ಣೆ ಹಚ್ಚಿ ಬಿಸ್ಲಲ್ಲೇ ಮಲಗ್ಸಿ ಸಾಕಿದ್ದು ಕಣ್ಲಾ" ಅಂತಿದ್ದಳು. ಮಾರ್ಚ್ ಕೊನೆ ಹೊತ್ತಿಗೆ ಮಗಳ ಎರಡು ಕೆನ್ನೆ, ಮೂಗಿನ ತುದಿ ಕೆಂಪಗಾಗಿ ಸಿಪ್ಪೆ ಏಳೋಕೆ ಶುರುವಾಯ್ತು. ಮುಟ್ಟಿದರೆ ಕಿರುಚೋಳು. ಸಸಿ ಬಿಸಿಲಿಗೆ ಎಲೆ ದಪ್ಪ ಮಾಡಿಕೊಳ್ಳುತ್ತೆ. ಮೂರು ತಿಂಗಳ ಕೂಸಿನ ತೊಗಲು ಸುಡುತ್ತೆ, ಅದಕ್ಕೆ ಗಟ್ಟಿಯಾಗೋದು ಅನ್ನೋದೇ ಇಲ್ಲ.

ಅದಾದ ಮೇಲೆ ನೆರಳು ಕಟ್ಟೋಕೆ ಹೋಗಿ ಎರಡನೇ ತಪ್ಪು ಮಾಡಿದೆ. ಮನೆ ಮುಂದಿನ ಹೊಂಗೆ ಮರದ ಕೆಳಗೆ ತೊಟ್ಟಿಲು ಹಾಕ್ತಿದ್ವಿ. ಹೊಂಗೆ ನೆರಳು ತಂಪು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಬಿಸಿಲು ಏರೋಕೆ ಶುರುವಾಗೋ ಫೆಬ್ರವರಿ, ಮಾರ್ಚಲ್ಲೇ ಅದು ಎಲೆ ಉದುರಿಸುತ್ತೆ. ಯುಗಾದಿ ಹೊತ್ತಿಗೆ ಚಿಗುರು ತುಂಬೋವರೆಗೆ ಅಲ್ಲಿರೋದು ಕಡ್ಡಿ ನೆರಳು. ಅದಕ್ಕೇ ತೊಟ್ಟಿಲ ಮೇಲೆ ಶೇಡ್ ನೆಟ್ ಕಟ್ಟಿದೆ. ನರ್ಸರಿಯಲ್ಲಿ ಮಿಕ್ಕಿದ್ದ 50 ಪರ್ಸೆಂಟ್ ಹಸಿರು ನೆಟ್, ಅಂದರೆ ಅರ್ಧ ಬಿಸಿಲು ತಡೆಯೋದು, ಕೈಗೆಟುಕೋ ಎತ್ತರದಲ್ಲಿ. ಸಸಿ ಮಡಿಯಲ್ಲಿ ನೇತುಹಾಕೋ ಥರ್ಮಾಮೀಟರನ್ನ ಒಂದು ಮಧ್ಯಾಹ್ನ ಅಲ್ಲಿಟ್ಟು ನೋಡಿದಾಗ ನನ್ನ ಎದೆ ಝಲ್ಲೆಂದಿತು. ಜಗುಲಿ ನೆರಳಲ್ಲಿ 36 ಇತ್ತು, ನೆಟ್ಟಿನ ಕೆಳಗೆ 39ರ ಮೇಲೆ. ನೆಟ್ ಬಿಸಿ ಹೀರಿ ಕೆಳಕ್ಕೆ ಬಿಡ್ತಿತ್ತು, ಗಾಳಿ ಓಡಾಡ್ತಿರಲಿಲ್ಲ.

ಇದನ್ನ ನೋಡೋ ಹೊತ್ತಿಗೆ ತಡವಾಗಿತ್ತು. ಏಪ್ರಿಲ್ ಎರಡನೇ ವಾರ ಮಗಳಿಗೆ ಮೈ ಕಾದಿತ್ತು, ನೆತ್ತಿ ಒಳಕ್ಕೆ ಹೋಗಿತ್ತು, ಬೆಳಗ್ಗೆಯಿಂದ ಉಚ್ಚೆ ಇಲ್ಲ. ಸೆಖೆ ಅಂತ ಅವ್ವ ಎರಡು ಮೂರು ದಿನದಿಂದ ಕಾಯಿಸಿ ಆರಿಸಿದ ನೀರನ್ನ ಒಳಲೆಯಲ್ಲಿ ಕುಡಿಸ್ತಿದ್ದಳಂತೆ. ಹೊಟ್ಟೆ ನೀರಲ್ಲೇ ತುಂಬಿ ಕೂಸು ಹಾಲು ಕಡಿಮೆ ಕುಡಿದಿದೆ. ಮಂಡ್ಯದಲ್ಲಿ ಎರಡು ರಾತ್ರಿ ಸೇರಿಸಿದ್ವಿ, 11 ಸಾವಿರ ಚಿಲ್ಲರೆ ಖರ್ಚು. ಆ ವರ್ಷ ಟೊಮೆಟೊ ಸಸಿ ಎಪ್ಪತ್ತು ಪೈಸೆಗೂ ಹೋಗ್ತಿರಲಿಲ್ಲ, ದುಡ್ಡಿಗೆ ಮನೆಯವಳ ಓಲೆ ಅಡ ಇಟ್ಟೆ. ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ಆರು ತಿಂಗಳವರೆಗೆ ನೇರ ಬಿಸಿಲು ಬೇಡ, ನೀರೂ ಬೇಡ, ಸೆಖೆ ಹೆಚ್ಚಾದರೆ ಎದೆಹಾಲನ್ನೇ ಇನ್ನೂ ಜಾಸ್ತಿ ಸಲ ಕೊಡಿ. ಬಿಸಿಲಿನ ವಿಟಮಿನ್ನಿಗೆ ಅಂತ ದಿನಕ್ಕೆ 400 ಯೂನಿಟ್ಟಿನ ವಿಟಮಿನ್ ಡಿ ಹನಿ ಬರೆದುಕೊಟ್ಟರು. ಬಿಸಿಲು ಕಾಯಿಸೋದು ಅವತ್ತಿಗೆ ನಿಂತಿತು.

ಮಗ ಹುಟ್ಟಿದ್ದು ಅಕ್ಟೋಬರಲ್ಲಿ. ಈ ಸಲ ಸಂಕ್ರಾಂತಿ ಕಳೆದ ತಕ್ಷಣ ಕೆಲಸ ಶುರು ಮಾಡಿದೆ. ಹಳೇ ನೆಟ್ ಮುಟ್ಟಲಿಲ್ಲ, ಅದಕ್ಕೆ ವರ್ಷಗಟ್ಟಲೆ ಔಷಧಿ ಹೊಡೆದ ವಾಸನೆ ಇರುತ್ತೆ. ಹೊಸದಾಗಿ 75 ಪರ್ಸೆಂಟಿಂದು ತಂದೆ, ಎರಡು ಪದರಕ್ಕೆ ಆಗೋಷ್ಟು, ಸುಮಾರು ₹2,000. ಮೇಲಿನ ಪದರ ಹತ್ತಡಿ ಎತ್ತರ, ಕೆಳಗಿನದು ಅದಕ್ಕಿಂತ ಒಂದೂವರೆ ಅಡಿ ಕೆಳಗೆ, ನಡುವೆ ಗಾಳಿ. ಪಶ್ಚಿಮದ ಕಡೆ ಮಾತ್ರ ನೆಲದವರೆಗೆ ಇಳಿಬಿಟ್ಟೆ. ಆಮೇಲೆ ಪರೀಕ್ಷೆ. ನೆಟ್ಟಿನ ಕೆಳಗೆ ಕೈ ಚಾಚಿ ನೋಡಿ, ಬೆರಳಿನ ನೆರಳು ಬಿಡಿಬಿಡಿಯಾಗಿ ನೆಲದ ಮೇಲೆ ಬಿದ್ದರೆ ಬಿಸಿಲು ಇನ್ನೂ ಇಳೀತಿದೆ ಅಂತಲೇ ಅರ್ಥ. ಒಂದು ಪದರದಲ್ಲಿ ಬೀಳ್ತಿತ್ತು, ಎರಡರಲ್ಲಿ ಮಬ್ಬಾಯ್ತು. ಆದರೂ ಸುಣ್ಣದ ಗೋಡೆಯಿಂದ ಬೆಳಕು ಹೊಡೆದು ವಾಪಸ್ ಬರ್ತಿತ್ತು, ಅಲ್ಲಿಗೆ ಗೋಣಿತಾಟು ಕಟ್ಟಿದೆ. ಎಷ್ಟೇ ಕಟ್ಟಿದರೂ ನೆಟ್ ತೂತಿನದೇ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಗ ಮನೆ ಒಳಗೆ, ಇದಕ್ಕೆ ಒಂದು ದಿನವೂ ವಿನಾಯಿತಿ ಕೊಡಲಿಲ್ಲ.

ಒಳಗೆ ಅಂದರೆ ಶೀಟಿನ ಕೆಳಗೆ! ಮಧ್ಯಾಹ್ನ ಅಲ್ಲಿ ಬೇಯುತ್ತೆ. ಶೀಟಿಗೆ ಮೇಲಿಂದ ಸುಣ್ಣ ಬಳಿದೆ, ಎರಡು ಕೈ. ಖರ್ಚು 600 ರೂಪಾಯಿ ಇರಬಹುದು. ಒಳಗೆ ಮೂರು ಡಿಗ್ರಿಯಷ್ಟು ಇಳೀತು. ಬರೀ ಸುಣ್ಣ ಮೊದಲ ಮಳೆಗೇ ತೊಳೆದು ಹೋಗುತ್ತೆ, ಅಂಟಿಗೆ ಒಂದು ವಸ್ತು ಬೆರೆಸಬೇಕು. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ನಾಲ್ಕು ಸಲ ಕೆಡಿಸಿಕೊಂಡು ಕಲಿತದ್ದು. ಪಕ್ಕದ ಎರಡು ಕೋಳಿ ಫಾರಂನವರು ಈಗ ನನ್ನನ್ನೇ ಕರೆದು ಬಳಿಸ್ತಿದ್ದಾರೆ.

ಗಾಳಿ ಬರೋ ಕಿಟಕಿಗೆ ಒದ್ದೆ ಗೋಣಿ ಹಾಕಿದ್ದು ಮಾರ್ಚ್, ಏಪ್ರಿಲಲ್ಲಿ ಬಹಳ ಚೆನ್ನಾಗಿ ನಡೀತು. ಲಾವಂಚದ ಪರದೆಯನ್ನೂ ತಂದಿದ್ದೆ, 900 ರೂಪಾಯಿ ಕೊಟ್ಟು. ಮೂರು ವಾರ ಮನೆಯೆಲ್ಲ ಘಮಘಮ, ನಾಲ್ಕನೇ ವಾರಕ್ಕೆ ಬೂಷ್ಟು ವಾಸನೆ, ಕಿತ್ತು ಬಿಸಾಕಿದೆ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಒದ್ದೆ ಗೋಣಿಯೂ ಕೈಕೊಟ್ಟಿತು. ಗಾಳಿಯಲ್ಲೇ ತೇವ ಇರುವಾಗ ಗೋಣಿ ಆರಲ್ಲ, ತಂಪು ಎಲ್ಲಿಂದ ಬರಬೇಕು? ಬೆವರುಸಾಲೆ ಎದ್ದಿದ್ದು ಆ ವಾರವೇ. ಗೋಣಿ ತೆಗೆದು ಕಿಟಕಿ ಪೂರ್ತಿ ಬಿಟ್ಟು, ಮೈಮೇಲೆ ಒಂದು ತೆಳು ಹತ್ತಿ ಅಂಗಿ ಬಿಟ್ಟು ಬೇರೇನೂ ಹಾಕದೆ, ಪೌಡರೂ ಹಾಕದೆ ಇದ್ದಾಗ ನಾಲ್ಕು ದಿನಕ್ಕೆ ಇಳೀತು. ನೀರನ್ನ ಮಂಜಿನ ಹಾಗೆ ಸಿಂಪಡಿಸೋ ನರ್ಸರಿಯ ಫಾಗರನ್ನೂ ಒಂದು ಮಧ್ಯಾಹ್ನ ಜಗುಲಿಗೆ ಎಳೆದಿದ್ದೆ. ಮಗ ಕೆಮ್ಮಿದ. ಡ್ರಮ್ಮಿನ ನೀರಲ್ಲಿ ಏನೇನಿರುತ್ತೋ, ಅದು ಕೂಸಿನ ಮೂಗಿಗೆ ಹೋಗಬಾರದು. ಹತ್ತು ನಿಮಿಷಕ್ಕೆ ನಿಲ್ಲಿಸಿದೆ.

ಎಲ್ಲರೂ ನನ್ನನ್ನ ವಿಚಿತ್ರವಾಗಿ ನೋಡಿದ್ದು ಪ್ರೊ-ಟ್ರೇ, ಅಂದರೆ ಸಸಿ ಬೆಳೆಸೋ ಗುಣಿ ಟ್ರೇ ವಿಷಯಕ್ಕೆ. 98 ಗುಣಿಯ ಖಾಲಿ ಟ್ರೇ ಒಂದನ್ನ ತೊಟ್ಟಿಲ ಪಕ್ಕದ ಗೋಡೆಗೆ ಒರಗಿಸಿಟ್ಟು, ಕೆಳಗೆ ಒಂದು ಲೋಟ ಹುಣಸೆಬೀಜ ಇಟ್ಟೆ. ಕೂಸು ಒಂದು ಸಲ ಬಟ್ಟೆ ಒದ್ದೆ ಮಾಡಿದರೆ ಒಂದು ಬೀಜ ಒಂದು ಗುಣಿಗೆ. ಒಂದು ದಿನಕ್ಕೆ ಒಂದು ಸಾಲು. ಸಂಜೆ ಹೊತ್ತಿಗೆ ಆರಕ್ಕಿಂತ ಹೆಚ್ಚಿದ್ದರೆ ಮನಸ್ಸು ನಿರಾಳ. ಮಧ್ಯಾಹ್ನವಾದರೂ ಎರಡೇ ಇದ್ದರೆ ಮನೆಯವಳು ಅರ್ಧ ಗಂಟೆಗೊಮ್ಮೆ ಹಾಲಿಗೆ ಹಾಕೋಳು. ಅಷ್ಟಾದರೂ ಒದ್ದೆ ಆಗದಿದ್ದರೆ, ನೆತ್ತಿ ಕುಳಿ ಬಿದ್ದರೆ, ಕೂಸು ಸಪ್ಪಗೆ ಮಲಗೇ ಇದ್ದರೆ, ಯಾರ ಮಾತೂ ಕೇಳದೆ ಗಾಡಿ ಹತ್ತೋದು ಅಂತ ಮೊದಲೇ ಮಾತಾಗಿತ್ತು. ಆ ದಿನ ಬರಲೇ ಇಲ್ಲ. "ಮಗೀನ ಉಚ್ಚೇನೂ ಲೆಕ್ಕ ಇಡ್ತನಲ್ಲ ಇವ್ನು" ಅಂತ ನೆಂಟರ ಹತ್ತಿರ ಹೇಳಿಕೊಂಡು ಓಡಾಡ್ತಿದ್ದ ಅವ್ವ, ಏಪ್ರಿಲ್ ಹೊತ್ತಿಗೆ ತಾನೇ ಬೀಜ ಹಾಕೋಕೆ ಶುರು ಮಾಡಿದಳು. ನಾನು ಹಾಕೋಕೆ ಹೋದರೆ ಆಗಲೇ ಹಾಕಿದ್ದೀನಿ ಬುಡು ಅನ್ನೋಳು.

ಇನ್ನು ನೀರು. ನಮ್ಮ ಕಡೆ ನೀರಿನ ಭಯ ಅಂದರೆ ನಾಲೆ. 2018ರ ನವೆಂಬರಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಅದಾದ ಮೇಲೆ ನಾಲೆ ಏರಿ ಮೇಲೆ ಹೋಗುವಾಗ ಕೈ ತಾನಾಗೇ ಮಕ್ಕಳನ್ನ ಬಿಗಿಯಾಗಿ ಹಿಡಿಯುತ್ತೆ. ಆದರೆ ಅಂಬೆಗಾಲಿಡೋ ಕೂಸು ನಾಲೆವರೆಗೆ ಹೋಗಲ್ಲ, ಬಚ್ಚಲುಮನೆವರೆಗೆ ಹೋಗುತ್ತೆ. ದೊಡ್ಡವಳಿಗೆ ಹತ್ತು ತಿಂಗಳಿದ್ದಾಗ ಬಕೆಟ್ಟಿನ ಅಂಚು ಹಿಡಿದು ಎದ್ದು ನಿಂತಿದ್ದಳು. ಒಳಗೆ ಅರ್ಧ ಅಡಿಯೂ ನೀರಿರಲಿಲ್ಲ. ತಲೆ ಭಾರಕ್ಕೆ ಮುಂದಕ್ಕೆ ವಾಲಿತು, ಕಾಲೆರಡೂ ನೆಲದಿಂದ ಎದ್ದವು. ಒಂದು ಚೂರೂ ಸದ್ದಿಲ್ಲ. ನಾನು ಕೈಕಾಲು ತೊಳೆಯೋಕೆ ಅಂತ ಆ ಗಳಿಗೆಯಲ್ಲಿ ಒಳಕ್ಕೆ ಹೋಗದಿದ್ದರೆ ಅಂತ ನೆನೆಸಿಕೊಂಡರೆ ಇವತ್ತಿಗೂ ಕೈ ನಡುಗುತ್ತೆ. ಮಗು ಬಿದ್ದರೆ ಅಳುತ್ತೆ, ಕಿರುಚುತ್ತೆ, ನಮಗೆ ಗೊತ್ತಾಗುತ್ತೆ ಅಂದುಕೊಂಡಿದ್ದೆ. ನೀರಲ್ಲಿ ತಲೆ ಇದ್ದರೆ ಅಳು ಎಲ್ಲಿಂದ ಬರಬೇಕು?

ಅದಕ್ಕೇ ಈ ಸಲ ಅವನು ಬೋರಲು ಬೀಳೋ ಮುಂಚೆಯೇ ನೀರಿನ ಕೆಲಸ ಮುಗಿಸಿದೆ. ಬಳಸಿದ ಬಕೆಟ್, ಬೇಸಿನ್, ಕೊಳಗ ಎಲ್ಲ ತಕ್ಷಣ ಬೋರಲು. ಬಚ್ಚಲು ಬಾಗಿಲಿಗೆ ಎದೆಮಟ್ಟದಲ್ಲಿ ಹೊರಚಿಲಕ. ನರ್ಸರಿಯ 200 ಲೀಟರ್ ಡ್ರಮ್ಮುಗಳಿಗೆ ಪಟ್ಟಿ ಬಿಗಿಯೋ ಮುಚ್ಚಳ, ತಲಾ 250. ಸಂಪಿನ ಮೇಲೆ ಹಳೇ ತಗಡು ಸುಮ್ಮನೆ ಕೂತಿತ್ತು. ಅದಕ್ಕೆ ಕಬ್ಬಿಣದ ಚೌಕಟ್ಟು, ಬೀಗ ಸೇರಿ ₹2,800 ಆಯ್ತು. ದೊಡ್ಡ ಮಕ್ಕಳಿಗೂ ತೆಗೆಯೋಕೆ ಬಾರದ ಒಂದು ಚಿಲಕ ಮಾಡಿಸಿದ್ದೀನಿ. ಅದರ ಅಳತೆ ಇಲ್ಲಿ ಕೊಡಲ್ಲ, ನನ್ನ ಜೊತೆ ತಲೆ ಕೆಡಿಸಿಕೊಂಡ ವೆಲ್ಡಿಂಗ್ ಹುಡುಗನ ಹೊಟ್ಟೆಪಾಡು ಅದು.

ಜೇಬಿಗೆ ಕೈಹಾಕಿದ್ದು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಪಾಚಿ ಕಟ್ಟಿ ಜಾರುತ್ತೆ, ಈಜು ಬರೋ ದೊಡ್ಡವರೂ ಹತ್ತಿ ಬರೋಕೆ ಒದ್ದಾಡ್ತಾರೆ. ಸುತ್ತ ಐದಡಿ ಎತ್ತರದ ತಂತಿ ಬಲೆ, ಕಲ್ಲುಕಂಬ, ಒಂದು ಗೇಟು, 30 ಸಾವಿರ ದಾಟಿತು. ಸಸಿ ಬೆಳೆಯೋನು ಹೊಂಡಕ್ಕೆ ಆಭರಣ ಮಾಡಿಸ್ತಾನೆ ಅಂತ ಊರಲ್ಲಿ ಮಾತಾಡಿಕೊಂಡರು. ಒಳಕ್ಕೆ ನಾಲ್ಕು ಕಡೆಯಿಂದಲೂ ಹಗ್ಗಕ್ಕೆ ಹಳೇ ಟೈರು ಕಟ್ಟಿ ಇಳಿಬಿಟ್ಟಿದ್ದೀನಿ, ಬಿದ್ದವರು ಹಿಡಿದು ಹತ್ತೋಕೆ.

ಸ್ನಾನದ ವಿಷಯ ಚಿಕ್ಕದು. ಹಂಡೆ ನೀರನ್ನ ಮೊಳಕೈಯಲ್ಲಿ ನೋಡೋದು ಎಲ್ಲರಿಗೂ ಗೊತ್ತು. ನಾನು ಕಲಿತದ್ದು ಬೇರೆ. ಮಧ್ಯಾಹ್ನದ ಹೊತ್ತು ಕಪ್ಪು ಟ್ಯಾಂಕಿನ ನೀರು, ಬಿಸಿಲಲ್ಲಿ ಬಿದ್ದ ಕಪ್ಪು ಪೈಪಿನ ನೀರು ತಣ್ಣೀರಲ್ಲ. ಒಂದು ದಿನ ಮನೆಯವಳು ಕೂಸಿನ ಕುಂಡಿ ತೊಳೆಯೋಕೆ ಅಂಗಳದ ಪೈಪ್ ಬಿಟ್ಟಳು. ಪುಣ್ಯಕ್ಕೆ ಮೊದಲು ತನ್ನ ಅಂಗೈ ಒಡ್ಡಿದ್ದಳು. ಪೈಪಲ್ಲಿ ನಿಂತಿದ್ದ ನೀರು ಕಾಫಿಯಷ್ಟು ಸುಡ್ತಿತ್ತು, ಅಂಗೈ ಎರಡು ದಿನ ಉರೀತು. ಈಗ ಅಂಗಳದ ಪೈಪಿಗೂ ಮಗುವಿಗೂ ಸಂಬಂಧವಿಲ್ಲ. ಸ್ನಾನಕ್ಕೆ ಕೂರೋ ಮುಂಚೆ ಟವೆಲ್, ಬಟ್ಟೆ, ಚೊಂಬು ಎಲ್ಲ ಕೈಯಳತೆಯಲ್ಲಿರಬೇಕು, ಫೋನು ಹೊರಗಿರಬೇಕು. ಯಾರಾದರೂ ಕೂಗಿದರೆ ಕೂಸನ್ನ ಎತ್ತಿಕೊಂಡೇ ಏಳೋದು. ನೆಂಟರೊಬ್ಬರು ಕತ್ತಿಗೆ ಹಾಕೋ ಗಾಳಿ ಬಳೆ ತಂದುಕೊಟ್ಟರು, ಟಬ್ಬಲ್ಲಿ ತೇಲಿಸಿ ಅಂತ. ಗಾಳಿ ಸೋರಿದರೆ ಕೂಸಿನ ಗತಿ? ಬಳಸಲೇ ಇಲ್ಲ.

ಏಳನೇ ತಿಂಗಳಿಗೆ ನಂಜನಗೂಡಲ್ಲಿ ಮುಡಿ. ಮನೆದೇವರ ಹರಕೆ, ಬೇಸಿಗೆ ಅಂತ ಮುಂದಕ್ಕೆ ಹಾಕೋಕೆ ಯಾರೂ ಒಪ್ಪಲಿಲ್ಲ. ಕಪಿಲೆಯಲ್ಲಿ ಮೂರು ಮುಳುಗು ಹಾಕಿಸಲೇಬೇಕು ಅಂತ ಸೋದರಮಾವನ ಹಟ. ಕೂಸಿನ ಬಾಯಿಗೆ ಹೊಳೆ ನೀರು ಹೋಗೋದು ಬೇಡ, ಪಾಚಿ ಮೆಟ್ಟಿಲ ಮೇಲೆ ಕೂಸನ್ನ ಎತ್ತಿಕೊಂಡು ಇಳಿಯೋದೂ ಬೇಡ ಅಂತ ನಾನು. ಕೊನೆಗೆ ಮಾವನೇ ಮುಳುಗು ಹಾಕಿ ಬಂದು, ಚೊಂಬಲ್ಲಿ ತಂದ ಕಪಿಲೆ ನೀರನ್ನ ಮಗನ ತಲೆಗೆ ಪ್ರೋಕ್ಷಣೆ ಮಾಡಿದರು. ಪೂಜೆ ಮಾಡೋರೇ ಇಷ್ಟು ಸಾಕು ಅಂದ ಮೇಲೆ ಮಾತು ಮುಗೀತು. ಬೆಳಗಿನ ಜಾವ ನಾಲ್ಕೂವರೆಗೆ ಹೊರಟಿದ್ವಿ, ಎಂಟೂವರೆಗೆ ಎಲ್ಲ ಮುಗಿದಿತ್ತು.

ಹೊಸದಾಗಿ ಬೋಳಿಸಿದ ತಲೆ ಒಂದು ದಿನವೂ ಬಿಸಿಲು ಕಂಡಿರಲ್ಲ. ಗಂಧ ಹಚ್ಚಿದರೆ ತಂಪು, ನಿಜ, ಆದರೆ ಗಂಧ ಬಿಸಿಲು ತಡೆಯಲ್ಲ. ಗಂಧ ಒಣಗಿದ ಮೇಲೆ, ಮನೆಯವಳು ಹಳೇ ಪಂಚೆಯಲ್ಲಿ ಹೊಲಿದಿದ್ದ ಟೋಪಿ ಹಾಕಿದ್ವಿ. ಸುತ್ತ ಅಗಲ ಅಂಚು, ಹಿಂದೆ ಕತ್ತಿನವರೆಗೆ ಇಳಿಬಿಟ್ಟ ಬಟ್ಟೆ, ಗದ್ದದ ಹತ್ತಿರ ಒತ್ತುಗುಂಡಿ. ಗುಂಡಿ ಯಾಕೆ ಅಂದರೆ ದಾರ ಕಟ್ಟಿದರೆ ಎಲ್ಲಾದರೂ ಸಿಕ್ಕಿಕೊಂಡಾಗ ಕತ್ತು ಬಿಗಿಯುತ್ತೆ, ಗುಂಡಿ ಎಳೆದರೆ ಬಿಟ್ಟುಕೊಳ್ಳುತ್ತೆ. ಆರು ತಿಂಗಳು ತುಂಬಿದ್ದರಿಂದ ಕೆನ್ನೆ, ಕಿವಿ, ಪಾದದ ಮೇಲೆ ಡಾಕ್ಟರಮ್ಮ ಬರೆದುಕೊಟ್ಟಿದ್ದ ಜಿಂಕ್ ಆಕ್ಸೈಡಿನ ಕ್ರೀಮ್ ತೆಳ್ಳಗೆ ಹಚ್ಚಿದ್ವಿ. ಟ್ಯೂಬಿಗೆ 500ರ ಹತ್ತಿರ. ಎರಡು ದಿನ ಮುಂಚೆ ತೊಡೆಯ ಮೇಲೆ ಕಡಲೆಕಾಳಿನಷ್ಟು ಹಚ್ಚಿ ನೋಡಿದ್ವಿ, ಏನೂ ಏಳಲಿಲ್ಲ. ವ್ಯಾನು ಬಿಸಿಲಲ್ಲಿ ನಿಂತಿತ್ತು, ಸೀಟು ಮುಟ್ಟಿದರೆ ಸುಡೋದು. ನಾಲ್ಕೂ ಬಾಗಿಲು ತೆಗೆದು ಗಾಳಿ ಆಡಿದ ಮೇಲೆ ಕೂಸನ್ನ ಹತ್ತಿಸಿದ್ದು. ಪ್ರಸಾದ ತಂದುಬಿಡ್ತೀನಿ, ಒಂದು ನಿಮಿಷ ಕೂಸು ಒಳಗೇ ಇರಲಿ ಅಂದ ಡ್ರೈವರನಿಗೆ ಸ್ವಲ್ಪ ಜೋರಾಗೇ ಬೇಡ ಅಂದೆ. ಅದಕ್ಕೆ ನನಗೇನೂ ಬೇಜಾರಿಲ್ಲ.

ಈಗ ನಾಲೆಗೆ ನೀರು ಬಿಟ್ಟಿದ್ದಾರೆ, ಹೊಂಡ ತುಂಬಿದೆ, ಮಗ ಸಿಕ್ಕಿದ್ದನ್ನೆಲ್ಲ ಹಿಡಿದು ಎದ್ದು ನಿಲ್ಲೋ ವಯಸ್ಸು. ಮೊನ್ನೆ ಹೊಂಡದ ಗೇಟಿನ ಕೆಳಗೆ ಮಣ್ಣು ಕೊಚ್ಚಿ ಒಂದು ಗೇಣು ಸಂದಾಗಿದ್ದು ಕಣ್ಣಿಗೆ ಬಿತ್ತು. ಸದ್ಯಕ್ಕೆ ಸೈಜುಗಲ್ಲು ಜೋಡಿಸಿದ್ದೀನಿ. ಭಾನುವಾರ ಎರಡು ಮೂಟೆ ಸಿಮೆಂಟು ತಂದು ಅಡಿಗೆ ಕಾಂಕ್ರೀಟ್ ಹಾಕಬೇಕು.