ಈ ದುಂಬಿ ಯಾವುದು? ಬಣ್ಣ ಬಿಡಿ, ಮೀಸೆ ನೋಡಿ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟಿಗೆ ಬಡಿದು ಟಪ್ಪಂತ ನೆಲಕ್ಕೆ ಬೀಳುವ ಕಂದು ಹುಳುಗಳನ್ನು ನೀವೂ ನೋಡಿರುತ್ತೀರಿ. ಪೊರಕೆ ಹಿಡಿಯುವ ಮೊದಲು ಒಂದರ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿನಿಂದ, ಪಕ್ಕದಿಂದ, ಸಾಧ್ಯವಾದರೆ ಹೊಟ್ಟೆಯ ಕಡೆಯಿಂದಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗುರುತು ಸಿಗದ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ಲಿಸ್ಟರ್ ಬೀಟಲ್ ಆಗಿದ್ದರೆ ಅದರ ರಸ ತಾಗಿದ ಕಡೆ ಬೊಬ್ಬೆ ಏಳುತ್ತದೆ.

ಮೊದಲು, ಅದು ದುಂಬಿಯೇ ಹೌದಾ ನೋಡಿ. ನಮ್ಮ ಭಾಷೆಯಲ್ಲಿ ಹೂವಿಗೆ ಮುತ್ತುವುದೂ ದುಂಬಿ, ತೆಂಗು ಕೊರೆಯುವುದೂ ದುಂಬಿ! ಹಾಗಾಗಿ ಹೆಸರು ನಂಬದೆ ಬೆನ್ನು ನೋಡಿ. ಮುಂದಿನ ರೆಕ್ಕೆಗಳು ಗಟ್ಟಿ ಚಿಪ್ಪಾಗಿ, ಬೆನ್ನ ನಡುವೆ ಒಂದೇ ನೇರ ಗೆರೆಯಲ್ಲಿ ಕೂಡಿದ್ದರೆ ಬಹುಪಾಲು ಅದು ದುಂಬಿ. ಒಂದರ ಮೇಲೊಂದು ರೆಕ್ಕೆ ಹತ್ತಿ ಕೂತಿದ್ದರೆ ಜಿರಲೆಯೋ, ತಿಗಣೆಯ ಬಳಗದ್ದೋ ಇರಬೇಕು. ತಿಗಣೆ ಬಳಗಕ್ಕೆ ದವಡೆ ಇಲ್ಲ, ಹೀರುವ ಕೊಳವೆ ಇರುತ್ತದೆ.

ಎಲ್ಲರೂ ಬಣ್ಣದಿಂದ ಶುರುಮಾಡುತ್ತಾರೆ. ಅದೇ ತಪ್ಪು. ಜಗತ್ತಿನಲ್ಲಿ ಹೆಸರಿಟ್ಟ ದುಂಬಿಗಳೇ ಸುಮಾರು 4 ಲಕ್ಷ ಬಗೆ. ‘ಕಪ್ಪಗಿದೆ’ ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಮೀಸೆಗೆ ಬನ್ನಿ. ನನ್ನ ಪ್ರಕಾರ ಅರ್ಧ ಕೆಲಸ ಮುಗಿಯುವುದು ಇಲ್ಲೇ. 10 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರ ಸಾಕು. ದೀಪಕ್ಕೆ ಬಂದ ಆ ಕಂದು ಹುಳುವಿನ ಮೀಸೆ ಮೊದಲು ಪುಟ್ಟ ಗದೆಯಂತೆ ಕಾಣುತ್ತದೆ. ಹಾರಲು ಸಜ್ಜಾದಾಗ ಆ ಗದೆ ಬೀಸಣಿಗೆಯಂತೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಎಸಳು ಕಂಡರೆ ಅದು ಸ್ಕ್ಯಾರಬ್ ಕುಟುಂಬ. ಗೊಣ್ಣೆ ಹುಳುವಿನ ದುಂಬಿ, ಸಗಣಿ ದುಂಬಿ, ತೆಂಗು ಕೊರೆಯುವ ಕೊಂಬಿನ ದುಂಬಿ ಕುರುವಾಯಿ ಎಲ್ಲ ಇದರವೇ. ಮುಖ ಆನೆ ಸೊಂಡಿಲಿನಂತೆ ಚಾಚಿ, ಮೀಸೆ ಆ ಮೂತಿಯಿಂದಲೇ ಹೊರಟು ಮೊಣಕೈಯಂತೆ ಮಡಚಿದ್ದರೆ ತೆಂಗಿನ ಕೆಂಪು ಮೂತಿ ಹುಳುವಿನ ಬಳಗ. ಮೀಸೆ ಮೈಯಷ್ಟೇ ಉದ್ದ, ಇಲ್ಲವೇ ಇನ್ನೂ ಜಾಸ್ತಿ ಇದ್ದರೆ ಲಾಂಗ್‌ಹಾರ್ನ್. ಆದರೆ ಕಾಫಿಯ ಬಿಳಿ ಕಾಂಡಕೊರಕವೂ ಅದೇ ಕುಟುಂಬ, ಅದರ ಮೀಸೆ ಮಾತ್ರ ಗಿಡ್ಡ! ಅಂಥ ಕಡೆ ಕಣ್ಣು ನೋಡಿ. ಮೀಸೆಯ ಬುಡದ ಹತ್ತಿರ ಕಣ್ಣು ಕಚ್ಚು ಹಾಕಿದಂತೆ ಒಳಗೆ ಬಾಗಿರುತ್ತದೆ.

ಇನ್ನೂ ಅನುಮಾನವಿದ್ದರೆ ಪಾದದ ಗೆಣ್ಣು ಎಣಿಸಿ. ಮುಂದಿನ, ನಡುವಿನ ಕಾಲಲ್ಲಿ ಐದೈದು, ಹಿಂದಿನದರಲ್ಲಿ ನಾಲ್ಕೇ ಇದ್ದರೆ ಬ್ಲಿಸ್ಟರ್ ಬೀಟಲ್ ಇರಬಹುದು, ಜೋಪಾನ. ಅಂಗಾತ ಬಿದ್ದದ್ದು ‘ಟಕ್’ ಎಂದು ಚಿಮ್ಮಿದರೆ ಎಣಿಸುವುದೇ ಬೇಡ, ಅದು ಕ್ಲಿಕ್ ಬೀಟಲ್.

ಕೊಂಬು ಕಂಡ ಕೂಡಲೇ ಕುರುವಾಯಿ ಎನ್ನಬೇಡಿ. ನಾನು ಒಮ್ಮೆ ಹಾಗೆಂದುಕೊಂಡು ಪಾಪದ ಸಗಣಿ ದುಂಬಿಯೊಂದನ್ನು ಚಪ್ಪಲಿಯಲ್ಲಿ ಅರೆದಿದ್ದೇನೆ. ಸಗಣಿ ದುಂಬಿಯ ತಲೆಯ ಮುಂಭಾಗ ಸಲಿಕೆಯಂತೆ ಚಪ್ಪಟೆ. ಕುರುವಾಯಿ ಹೆಬ್ಬೆರಳಿನಷ್ಟು ದಪ್ಪ, ನಾಲ್ಕು ಸೆಂಟಿಮೀಟರ್ ಆಸುಪಾಸು ಉದ್ದ. ಕೊಂಬು ಹಿಂದಕ್ಕೆ ಬಾಗಿರುತ್ತದೆ. ಹೆಣ್ಣಿಗೆ ಕೊಂಬು ಚಿಕ್ಕದು, ಬಾಲದ ತುದಿಯಲ್ಲಿ ಕೆಂಚು ಕೂದಲು.

ಕುಟುಂಬ ಗೊತ್ತಾದರೆ ಮನೆಮಟ್ಟಿಗೆ ಸಾಕು. ಮುಂದಿನ ಹೆಸರು ಬೇಕೆಂದರೆ ಊರು, ದಿನಾಂಕ, ಯಾವ ಗಿಡದ ಮೇಲಿತ್ತು ಎಂಬುದನ್ನೂ ಬರೆದು ಫೋಟೊಗಳನ್ನು ಜೀವಿಗಳ ಗುರುತು ಹಿಡಿಯಲು ನೆರವಾಗುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಆಮೇಲೆ ದೀಪ ಆರಿಸಿ ಹುಳುವನ್ನು ಹೊರಗೆ ಬಿಡಿ. ಕುರುವಾಯಿಯೇ ಆಗಿದ್ದು, ಮನೆಯಲ್ಲಿ ತೆಂಗು ಇದ್ದರೆ ಮಾತ್ರ ಬಿಡಬೇಡಿ. ಬೆಳಿಗ್ಗೆ ಗೊಬ್ಬರದ ಗುಂಡಿ ಕೆದಕಿ ನೋಡಿ, ಅದರ ಮರಿಗಳು ಬೆಳೆಯುವುದು ಅಲ್ಲೇ.